ಪೆಡಲಿನ ಒಳಗಿನ ಗುಂಡುಗಳು

ಸೈಕಲ್ಲಿನ ಅಂಗಾಂಗಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಷ್ಟಪಡುವುದು ಯಾವುದು ಎಂಬ ಪ್ರಶ್ನೆಯನ್ನು ನಾನು ಘರ್ಷಣೆಯ ಪಾಠ ಮಾಡುವಾಗ ಪ್ರತಿವರ್ಷವೂ ಕೇಳುತ್ತಿದ್ದೆನೆಂಬುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಚೈನು ಎನ್ನುವವರು ಹಲವರು. ಟೈರು ಎನ್ನುವವರು ಇನ್ನೂ ಹೆಚ್ಚು. ಹಿಂದಿನ ಬೆಂಚಿನಿಂದ ಒಬ್ಬನಾದರೂ "ತುಳಿಯಾವಾ, ಸರ್" ಎಂದು ನಗಿಸುತ್ತಿದ್ದ. ಪೆಡಲ್ ಎಂದವರು ನನ್ನ ಮೂವತ್ತೈದು ವರ್ಷಗಳ ಸೇವೆಯಲ್ಲಿ ಬೆರಳೆಣಿಕೆಯಷ್ಟು ಮಂದಿ. ಅದರಲ್ಲಿ ಒಬ್ಬಳ ವಿಷಯ ಮುಂದೆ ಬರುತ್ತದೆ.

ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ ಇತ್ತೀಚೆಗೆ ದೂರದ ಸೈಕಲ್ ಸವಾರಿಯ ಹವ್ಯಾಸ ಹಚ್ಚಿಕೊಂಡಿದ್ದಾನೆ. ಬೂಟಿಗೆ ಕಚ್ಚಿಕೊಳ್ಳುವ 'ಕ್ಲಿಪ್‌ಲೆಸ್' ಪೆಡಲುಗಳನ್ನು ಹಾಕಿಸಿಕೊಂಡಿದ್ದಾನಂತೆ. "ದೊಡ್ಡಪ್ಪ, ಇವುಗಳ ಬೇರಿಂಗು ಎಷ್ಟು ವರ್ಷ ಬಾಳಿಕೆ ಬರುತ್ತದೆ? ಅಂತರ್ಜಾಲದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ" ಎಂದು ಕೇಳಿದ. ದೂರವಾಣಿಯಲ್ಲಿ ಹೇಳಿ ಮುಗಿಯುವ ಮಾತಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಸಾದಾ ಸೈಕಲ್ಲಿನ ಪೆಡಲನ್ನೇ ನೋಡೋಣ. ಹಿಂದಿನ ಗಾಲಿಯ ಹಬ್ಬಿನಲ್ಲಿ ಕಾಲು ಅಂಗುಲದ ಉಕ್ಕಿನ ಗುಂಡುಗಳಿರುತ್ತವೆ. ಮುಂದಿನ ಗಾಲಿಯಲ್ಲಿ 3/16 ಅಂಗುಲದವು. ಪೆಡಲಿನಲ್ಲಿ ಸಾಮಾನ್ಯವಾಗಿ 5/32 ಅಂಗುಲದವು, ಅಂದರೆ ಈ ಮೂರರಲ್ಲಿ ಚಿಕ್ಕವು. ಆದರೆ ಭಾರವೇನೂ ಚಿಕ್ಕದಲ್ಲ. ಏರು ಬಂದಾಗ ನಾವು ಸೀಟಿನಿಂದ ಎದ್ದು ಇಡೀ ದೇಹವನ್ನು ಒಂದೇ ಪೆಡಲಿನ ಮೇಲೆ ಹೇರುತ್ತೇವೆ. ಗಾಲಿಯ ಅಚ್ಚಿಗೆ ಎರಡೂ ಬದಿಯಲ್ಲಿ ಆಸರೆಯಿದ್ದರೆ ಪೆಡಲಿನ ಅಚ್ಚು ಕ್ರ್ಯಾಂಕಿನಿಂದ ಒಂದೇ ಕಡೆ ಹೊರಚಾಚಿ ನಿಂತಿರುತ್ತದೆ, ಗೋಡೆಗೆ ಹೊಡೆದ ಗೂಟದಂತೆ. ಇದರ ಮೇಲೆ ನೆಲಕ್ಕೆ ಸಮೀಪವಾಗಿರುವ ಕಾರಣ ನೀರು, ಧೂಳು, ಕೆಸರು ಎಲ್ಲಕ್ಕೂ ಅದೇ ಮೊದಲ ಗುರಿ. ನಮ್ಮ ಕಡೆಯ ಎರೆಮಣ್ಣನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಅರ್ಧ ಮೈಲಿ ಹೋಗುವಷ್ಟರಲ್ಲಿ ಪೆಡಲು ಹೋಳಿಗೆಯ ಕಣಕದ ಉಂಡೆಯಂತಾಗಿರುತ್ತಿತ್ತು.

ನಾನು 1986ರಲ್ಲಿ ನೌಕರಿಗೆ ಸೇರಿದಾಗ ಕೃಷ್ಣಾ ತೀರದ ಆ ಊರಿಗೆ ನನ್ನ ಬಾಡಿಗೆ ಮನೆಯಿಂದ ಎಂಟು ಕಿಲೋಮೀಟರ್. (ಆಗ ಬಾಗಲಕೋಟೆ ಜಿಲ್ಲೆ ಇರಲಿಲ್ಲ, ಅದು ಹುಟ್ಟಿದ್ದು 1997ರಲ್ಲಿ. ಎಲ್ಲವೂ ಬಿಜಾಪುರವೇ.) ಲೆಕ್ಕದ ಮಾಸ್ತರನಿಗೆ ದಾರಿ ಸಾಗಬೇಕಾದರೆ ಲೆಕ್ಕ ಬೇಕು. ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18. ಗಾಲಿಯ ಸುತ್ತಳತೆ ಸುಮಾರು 2.2 ಮೀಟರ್. ಅಂದರೆ ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ಲು ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಹೋಗಿ ಬರುವ 16 ಕಿಲೋಮೀಟರಿಗೆ ಹತ್ತಿರ ಹತ್ತಿರ 3,000 ಸುತ್ತು. ವರ್ಷಕ್ಕೆ 220 ದಿನ ಶಾಲೆಯೆಂದು ಹಿಡಿದರೆ ಆರೂವರೆ ಲಕ್ಷ. ಇಪ್ಪತ್ತು ವರ್ಷ ಹಾಗೆಯೇ ತುಳಿದಿದ್ದೇನೆ, ಸುಮಾರು ಒಂದು ಕೋಟಿ ಮೂವತ್ತು ಲಕ್ಷ ಸುತ್ತು! ಈ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಬಿಡಿಸಿದಾಗ ಮಕ್ಕಳು ನನ್ನ ಕಾಲುಗಳ ಕಡೆ ನೋಡಿದ್ದುಂಟು.

ಅಷ್ಟು ಸುತ್ತಿಗೆ ನಾನು ಬದಲಾಯಿಸಿದ್ದು ಮೂರು ಜೊತೆ ಪೆಡಲು ಮಾತ್ರ. ಅವುಗಳಲ್ಲಿ ಎರಡು ಜೊತೆಗೆ ರಬ್ಬರು ಹೋಗಿ ಕಬ್ಬಿಣ ಉಳಿದಿತ್ತೇ ಹೊರತು ಒಳಗೆ ಏನೂ ಆಗಿರಲಿಲ್ಲ. ಅದರ ಪುಣ್ಯ ಸಲ್ಲಬೇಕಾದದ್ದು ಬಸ್‌ಸ್ಟ್ಯಾಂಡಿನ ಎದುರಿದ್ದ ಸೈಕಲ್ ಅಂಗಡಿಯ ಮಿಸ್ತ್ರಿಗೆ. (ಹೆಸರು ಬರೆಯುವುದಿಲ್ಲ. ಊರಿನವರಿಗೆ ಗೊತ್ತಿದೆ.) ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಸೈಕಲ್ಲನ್ನು ಓವರಾಲಿಗೆ ಬಿಡುತ್ತಿದ್ದೆ. ಅವರು ಪೆಡಲಿನ ತುದಿಯ ಮುಚ್ಚಳ ತೆಗೆದು, ನಟ್ಟು ಸಡಿಲಿಸಿ, ಕೋನನ್ನು ಬೆರಳಿನಿಂದಲೇ ತಿರುಗಿಸಿ ಹೊರತೆಗೆದು, ಗುಂಡುಗಳನ್ನು ಸೀಮೆಎಣ್ಣೆಯ ತಟ್ಟೆಗೆ ಸುರಿಯುತ್ತಿದ್ದರು. ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡುವರು. ಹೊಳಪು ಹೋದದ್ದು ಒಂದೇ ಇದ್ದರೂ ಆ ಬದಿಯ ಎಲ್ಲವನ್ನೂ ಬದಲಾಯಿಸುವರು. ಹೊಸ ಗುಂಡು ಕೂದಲೆಳೆಯಷ್ಟು ದಪ್ಪವಿದ್ದರೂ ಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆಂಬ ಜ್ಞಾನ ಅವರಿಗೆ ಯಾವ ಪುಸ್ತಕದಿಂದ ಬಂದಿತ್ತೋ ಕಾಣೆ. ಕಪ್ಪಿನಲ್ಲಿ ಗ್ರೀಸು ಮೆತ್ತಿ, ಗುಂಡುಗಳನ್ನು ಅದರಲ್ಲಿ ಅಂಟಿಸಿ ಕೂರಿಸಿ, ಕೋನು ಬಿಗಿದು, ಕಾಲು ಸುತ್ತು ಹಿಂದೆ ತಿರುಗಿಸಿ ನಟ್ಟು ಹಾಕುವರು. ಬಳಿಕ ಪೆಡಲನ್ನು ಒಂದು ಬೆರಳಿನಿಂದ ತಿರುಗಿಸಿ ಬಿಟ್ಟರೆ ಅದು ತೂಗಿ ತೂಗಿ ನಿಲ್ಲಬೇಕು. ಹಿಡಿದು ಅಲುಗಿಸಿದರೆ ಅಲುಗಬಾರದು.

"ಮಾಸ್ತರ, ಬಿಗಿ ಆದ್ರ ಗುಂಡು ಸಾಯ್ತಾವ್ರಿ, ಸಡ್ಲ ಆದ್ರ ಕಪ್ ಸಾಯ್ತೈತ್ರಿ" ಎಂಬುದು ಅವರ ಸಿದ್ಧಾಂತ. ಬೇರಿಂಗಿನ ಬಾಳಿಕೆಯ ಬಗ್ಗೆ ನಾನು ಅನಂತರ ಓದಿದ ಎಷ್ಟೋ ಪುಟಗಳ ಸಾರ ಇದರಲ್ಲಿದೆ. ಎಂಜಿನಿಯರುಗಳ ಸೂತ್ರವೊಂದಿದೆ: ಗುಂಡಿನ ಬೇರಿಂಗಿನ ಆಯುಸ್ಸು ಅದರ ಮೇಲಿನ ಭಾರದ ಘನಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಭಾರ ಎರಡು ಪಟ್ಟಾದರೆ ಆಯುಸ್ಸು ಎಂಟರಲ್ಲಿ ಒಂದು ಪಾಲು. ಮೂರು ಪಟ್ಟಾದರೆ ಇಪ್ಪತ್ತೇಳರಲ್ಲಿ ಒಂದು ಪಾಲು. ಹಿಂದೆ ಮತ್ತು ಮುಂದೆ ಒಬ್ಬೊಬ್ಬರನ್ನು ಕೂರಿಸಿಕೊಂಡು ತ್ರಿಬಲ್ ರೈಡ್ ಬರುತ್ತಿದ್ದ ಮಹಾನುಭಾವರೇ, ಈ ಲೆಕ್ಕ ನಿಮಗಾಗಿ! ಆದರೂ ಸೈಕಲ್ಲಿನ ಬೇರಿಂಗು ಭಾರದಿಂದ ದಣಿದು ಸಾಯುವುದು ಅಪರೂಪ. ಅದನ್ನು ಕೊಲ್ಲುವುದು ನೀರು, ಮರಳು ಮತ್ತು ತಪ್ಪು ಬಿಗಿತ. ಗ್ರೀಸಿನಲ್ಲಿ ಸೇರಿದ ಮರಳು ಗುಂಡಿಗೂ ಕೋನಿಗೂ ನಡುವೆ ಸಾಣೆಯ ಕೆಲಸ ಮಾಡುತ್ತದೆ. ನೀರು ತುಕ್ಕಿನ ಚುಕ್ಕೆ ಮೂಡಿಸುತ್ತದೆ, ಆ ಚುಕ್ಕೆ ಗುಳಿಯಾಗುತ್ತದೆ. ಗುಳಿ ಬಿದ್ದ ಕೋನಿಗೆ ಮದ್ದಿಲ್ಲ.

ಎಡ ಪೆಡಲಿನ ತಿರುಪು ಏಕೆ ಉಲ್ಟಾ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಕಥೆಗೆ ಅದು ಬೇಕು. ಬಲ ಪೆಡಲು ಎಲ್ಲ ತಿರುಪುಗಳಂತೆ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಎಡದ್ದು ಎಡಕ್ಕೆ. ನಿಮ್ಮ ಮುಷ್ಟಿಯನ್ನು ಸಡಿಲವಾಗಿ ಕಟ್ಟಿ ಅದರೊಳಗೆ ಪೆನ್ಸಿಲನ್ನು ತೂರಿಸಿ, ಅದರ ತುದಿಯನ್ನು ಮತ್ತೊಂದು ಕೈಯಿಂದ ಪ್ರದಕ್ಷಿಣವಾಗಿ ಸುತ್ತಿಸಿ. ಪೆನ್ಸಿಲು ತನ್ನಷ್ಟಕ್ಕೆ ತಾನು ಅಪ್ರದಕ್ಷಿಣವಾಗಿ ಉರುಳುತ್ತದೆ. ಕ್ರ್ಯಾಂಕಿನ ರಂಧ್ರದಲ್ಲಿ ಪೆಡಲಿನ ಅಚ್ಚೂ ಹೀಗೆಯೇ ಕಣ್ಣಿಗೆ ಕಾಣದಷ್ಟು ಉರುಳುತ್ತಿರುತ್ತದೆ. ಎರಡೂ ಬದಿಗೆ ಒಂದೇ ತಿರುಪಿದ್ದರೆ ಎಡದ್ದು ದಾರಿಯಲ್ಲಿಯೇ ಬಿಚ್ಚಿ ಬೀಳುತ್ತದೆ. ವಿಮಾನ ಹಾರಿಸುವ ಮೊದಲು ಅಮೆರಿಕೆಯ ಡೇಟನ್ ನಗರದಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ರೈಟ್ ಸಹೋದರರು 1900ರಲ್ಲಿ ತಮ್ಮ ಸೈಕಲ್ಲುಗಳಿಗೆ ಈ ಬಗೆಯ ಪೆಡಲು ಅಳವಡಿಸಿ ಮಾರಿದರು. ಇನ್ನೊಂದು ಸ್ವಾರಸ್ಯವೆಂದರೆ, ಬೇರಿಂಗು ಪೂರ್ತಿ ಕಚ್ಚಿಕೊಂಡು ನಿಂತುಬಿಟ್ಟರೆ ಅಚ್ಚು ಬಿಚ್ಚಿಕೊಳ್ಳುವ ದಿಕ್ಕಿಗೇ ತಿರುಗುತ್ತದೆ. ಪಾದ ಪೆಡಲಿಗೆ ಕಟ್ಟಲ್ಪಟ್ಟಿರುವ ಸವಾರನ ಹರಡು ಉಳಿಯುವುದು ಇದರಿಂದ.

ಗುಂಡಿನ ಬೇರಿಂಗಿಗೂ ಸೈಕಲ್ಲಿಗೂ ಇರುವ ನಂಟು ಹಳೆಯದು. ಪ್ಯಾರಿಸ್ಸಿನ ಜೂಲ್ಸ್ ಸುರಿರೇ ಎಂಬಾತ 1869ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅದೇ ವರ್ಷದ ನವೆಂಬರಿನಲ್ಲಿ ನಡೆದ ಪ್ಯಾರಿಸ್-ರೂಆನ್ ಪಂದ್ಯವನ್ನು ಜೇಮ್ಸ್ ಮೂರ್ ಗೆದ್ದದ್ದು ಇಂಥ ಬೇರಿಂಗಿದ್ದ ಸೈಕಲ್ಲಿನ ಮೇಲೆ. ಆದರೆ ಗುಂಡುಗಳನ್ನು ಒಂದೇ ಅಳತೆಗೆ ಅರೆದು ರಾಶಿಗಟ್ಟಲೆ ತಯಾರಿಸುವುದು ಸಾಧ್ಯವಾದದ್ದು 1883ರಲ್ಲಿ, ಜರ್ಮನಿಯ ಶ್ವೈನ್‌ಫುರ್ಟಿನ ಫ್ರೀಡ್ರಿಕ್ ಫಿಷರ್ ಕಟ್ಟಿದ ಯಂತ್ರದಿಂದ. ನಮ್ಮ ಮಿಸ್ತ್ರಿ ಪೊಟ್ಟಣದಿಂದ ತೆಗೆದು ಸುರಿಯುತ್ತಿದ್ದ ಗುಂಡುಗಳ ಮೂಲ ಪುರುಷ ಇವನೇ ಎನ್ನಬಹುದು.

ಇನ್ನು ಕ್ಲಿಪ್‌ಲೆಸ್ ವಿಷಯ. ಈ ಹೆಸರೇ ಒಂದು ವಿಚಿತ್ರ. ಕ್ಲಿಪ್ಪಿಲ್ಲದ್ದು ಎಂದು ಹೆಸರು, ಬೂಟು ಮಾತ್ರ 'ಕ್ಲಿಕ್' ಎಂದು ಕಚ್ಚಿಕೊಳ್ಳುತ್ತದೆ! ಮೊದಲು ಪಂದ್ಯದ ಸವಾರರು ಪಾದದ ಬೆರಳುಗಳನ್ನು ತಂತಿಯ ಪಂಜರದೊಳಗೆ ತೂರಿಸಿ ತೊಗಲಿನ ಪಟ್ಟಿಯಿಂದ ಬಿಗಿದುಕೊಳ್ಳುತ್ತಿದ್ದರು. ಆ ಪಂಜರಕ್ಕೆ ಟೋ-ಕ್ಲಿಪ್ ಎಂದು ಹೆಸರು. ಅದನ್ನು ತೆಗೆದುಹಾಕಿದ್ದರಿಂದ ಇದು ಕ್ಲಿಪ್‌ಲೆಸ್. ಫ್ರಾನ್ಸಿನ ಲುಕ್ ಎಂಬ ಕಂಪನಿ ಹಿಮದ ಮೇಲೆ ಜಾರುವವರ ಬೂಟಿಗೆ ಹಿಡಿಕೆಗಳನ್ನು ಮಾಡುತ್ತಿತ್ತು. ಬಿದ್ದಾಗ ತಾನಾಗಿ ಬಿಚ್ಚಿಕೊಂಡು ಕಾಲು ಉಳಿಸುವ ಹಿಡಿಕೆ ಅದು. ಅದೇ ತತ್ತ್ವವನ್ನು ಅವರು 1984ರಲ್ಲಿ ಪೆಡಲಿಗೆ ತಂದರು. ಮರುವರ್ಷ ಬರ್ನಾರ್ ಹಿನೋ ಆ ಪೆಡಲು ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದ ಮೇಲೆ ತೊಗಲಿನ ಪಟ್ಟಿಯ ಕಾಲ ಮುಗಿಯುತ್ತ ಬಂತು. 1990ರಲ್ಲಿ ಜಪಾನಿನ ಶಿಮಾನೋ ಕಂಪನಿ ಎಸ್‌ಪಿಡಿ ಎಂಬ ಚಿಕ್ಕ ಉಕ್ಕಿನ ಕ್ಲೀಟಿನ ಪದ್ಧತಿಯನ್ನು ತಂದಿತು. ಅದನ್ನು ಹಾಕಿದ ಬೂಟಿನಲ್ಲಿ ನೆಲದ ಮೇಲೆ ನಡೆಯಲೂ ಬರುತ್ತದೆ. ಕ್ಲೀಟು ಎಂದರೆ ಬೂಟಿನ ಅಡಿಗೆ ಕೂರಿಸುವ ತುಂಡು. ಪೆಡಲಿನ ಸ್ಪ್ರಿಂಗು ಅದನ್ನು ಹಿಡಿದುಕೊಳ್ಳುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ.

ಇದೆಲ್ಲ ನಮಗೇಕೆ ಎನ್ನಬೇಡಿ. ವಿಜಯಪುರ-ಬಾಗಲಕೋಟೆಯ ಕಡೆ ಸೈಕ್ಲಿಂಗ್ ಎಂಬುದು ಮನೆಮಾತು. ಎರಡೂ ಊರುಗಳ ಕ್ರೀಡಾ ವಸತಿನಿಲಯಗಳಿಂದ ರಾಷ್ಟ್ರಮಟ್ಟದ ಸವಾರರು ಬಂದಿದ್ದಾರೆ. ಅವರಲ್ಲಿ ಬಹುಮಂದಿ ಒಕ್ಕಲುತನದ ಮನೆಯ ಮಕ್ಕಳು.

ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಆ ಮೊದಲ ವರ್ಷ ಸೈಕಲ್ ಪಡೆದವರಲ್ಲಿ ನನ್ನ ತರಗತಿಯ ಒಬ್ಬ ಹುಡುಗಿಯೂ ಇದ್ದಳು. ತಂದೆ ಕಬ್ಬು ಕಡಿಯುವ ಕೂಲಿ. ಮರುವರ್ಷ ನಾನು ಆ ಹಳೆಯ ಪ್ರಶ್ನೆ ಕೇಳಿದಾಗ "ಪೆಡಲ್ ರೀ ಸರ್" ಎಂದವಳು ಅವಳು. ಏಕೆ ಎಂದು ಕೇಳಿದೆ. "ಎಲ್ಲಾರೂ ಅದನ್ನ ತುಳಿತಾರಲ್ರೀ" ಎಂದಳು. ತರಗತಿ ನಕ್ಕಿತು. ಅವಳು ನಗಲಿಲ್ಲ.

2008ರಲ್ಲಿ ಅವಳು ವಸತಿನಿಲಯಕ್ಕೆ ಆಯ್ಕೆಯಾದಳು. ಮುಂದಿನ ವರ್ಷ ದೀಪಾವಳಿ ರಜೆಗೆ ಬಂದವಳು ಮನೆಗೆ ಬಂದು, ಚೀಲದಿಂದ ಒಂದು ಜೊತೆ ಪೆಡಲು ತೆಗೆದು ಮೇಜಿನ ಮೇಲಿಟ್ಟಳು. ಹಿರಿಯ ಸವಾರ್ತಿಯೊಬ್ಬಳು ತಾನು ಹೊಸದು ಕೊಂಡಾಗ ಇವಳಿಗೆ ಕೊಟ್ಟಿದ್ದ ಎಸ್‌ಪಿಡಿ ಪೆಡಲುಗಳವು. ಎಡದ್ದರಲ್ಲಿ ಆಟ ಬಂದಿತ್ತು. ಹಿಡಿದು ಅಲುಗಿಸಿದರೆ 'ಟಿಕ್ ಟಿಕ್' ಎನ್ನುತ್ತಿತ್ತು. "ಸರ್, ಇದು ಇನ್ನ ಒಂದ್ ತಿಂಗಳ ಬರ್ತೈತೇನ್ರಿ? ಮುಂದಿನ ತಿಂಗಳ ಸೆಲೆಕ್ಷನ್ ಐತ್ರಿ" ಎಂದು ಕೇಳಿದಳು.

ಆಟ ಬಂದ ಸಾದಾ ಪೆಡಲು ಬಿಚ್ಚಿಹೋದರೆ ಪಾದ ನೆಲಕ್ಕೆ ತಾಗುತ್ತದೆ, ಅಷ್ಟೇ. ಇದು ಹಾಗಲ್ಲ. ಅಚ್ಚಿನ ಮೇಲಿನಿಂದ ಪೆಡಲಿನ ದೇಹವೇ ಜಾರಿ ಹೊರಬಂದರೆ ಅದು ಬೂಟಿಗೆ ಅಂಟಿಕೊಂಡೇ ಬರುತ್ತದೆ. ಗುಂಪಿನ ನಡುವೆ, ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಹಾಗಾದರೆ ಏನು ಗತಿ? ಹೊಸ ಜೊತೆಯ ಬೆಲೆ ಅವಳ ತಂದೆಯ ತಿಂಗಳ ಕೂಲಿಗೆ ಸಮ. ನಾನು ಕೊಡಿಸುತ್ತೇನೆಂದೆ. ಅವಳು ತಲೆ ತಗ್ಗಿಸಿ "ಬ್ಯಾಡ್ರಿ ಸರ್, ಅಪ್ಪ ಬೈತಾನ್ರಿ" ಎಂದಳು. ಆ ಮನೆಯ ಮರ್ಯಾದೆ ನನಗೆ ಗೊತ್ತಿತ್ತು. ಒತ್ತಾಯ ಮಾಡಲಿಲ್ಲ. ಇಬ್ಬರೂ ಮಿಸ್ತ್ರಿಯ ಅಂಗಡಿಗೆ ಹೋದೆವು.

ಅವರು ಅಂಥ ಪೆಡಲನ್ನು ಅದುವರೆಗೆ ಕಂಡಿರಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದರು. ಹೊರತುದಿಯಲ್ಲಿ ಮುಚ್ಚಳವಿಲ್ಲ, ನಟ್ಟಿಲ್ಲ. "ಇದಕ್ಕ ಬಾಗಲಾನ ಇಲ್ಲಲ್ರೀ ಮಾಸ್ತರ" ಎಂದರು. ಬಾಗಿಲಿದ್ದದ್ದು ಕ್ರ್ಯಾಂಕಿನ ಬದಿಗೆ, ಹಲ್ಲು ಹಲ್ಲಾದ ಒಂದು ಪ್ಲಾಸ್ಟಿಕ್ ಬಳೆ. ಅದಕ್ಕೆ ಪ್ರತ್ಯೇಕ ಪಾನಾ ಇದೆ, ನಮ್ಮ ಊರಿನಲ್ಲಿ ಎಲ್ಲಿಂದ ಬರಬೇಕು? ಬಳೆಯ ಮೇಲೆ ಬಿಗಿಯುವ ದಿಕ್ಕಿನ ಬಾಣದ ಗುರುತಿತ್ತು. ಅದನ್ನು ಓದಿ ಹೇಳುವುದು ಮಾತ್ರ ನನ್ನ ಪಾಲಿನ ಕೆಲಸ. ಎಡ ಪೆಡಲಿನ ಅಚ್ಚಿನ ತಿರುಪು ಉಲ್ಟಾ, ಆದರೆ ಅದರ ಈ ಬಳೆ ಮಾತ್ರ ಸರಿದಿಕ್ಕಿನದು. ಬಲ ಪೆಡಲಿನಲ್ಲಿ ಇದರ ತದ್ವಿರುದ್ಧ. ಹೊಸಬರು ಬಳೆಯನ್ನು ಮುರಿದುಕೊಳ್ಳುವುದು ಇಲ್ಲಿಯೇ. ಮಿಸ್ತ್ರಿ ಹಳೆಯ ಟ್ಯೂಬಿನ ಪಟ್ಟಿಯನ್ನು ಬಳೆಗೆ ಎರಡು ಸುತ್ತು ಸುತ್ತಿ, ದೊಡ್ಡ ಪೈಪ್ ಪಾನಾದಿಂದ ಮೆಲ್ಲಗೆ, ಮೊಟ್ಟೆ ಹಿಡಿದಂತೆ ಹಿಡಿದು ತಿರುಗಿಸಿದರು. ಬಳೆ ಬಂತು. ಅದರ ಹಿಂದೆಯೇ ಅಚ್ಚು, ಕೋನು, ಗುಂಡು ಎಲ್ಲವೂ ಒಂದೇ ಕೊಳವೆಯಂತೆ ಹೊರಬಂದವು.

ಅವರ ಮುಖ ಅರಳಿದ್ದನ್ನು ನಾನು ಇನ್ನೂ ಮರೆತಿಲ್ಲ. "ಇದೂ ನಮ್ದ ಐತಲ್ರೀ!" ಎಂದರು. ಒಳಗೆ ಅದೇ ಕಪ್, ಅದೇ ಕೋನ್, ಅದೇ ನಟ್ಟು. ಗುಂಡುಗಳು ಮಾತ್ರ ಸಾಸಿವೆಗಿಂತ ತುಸು ದಪ್ಪ, ಎರಡೂವರೆ ಮಿಲಿಮೀಟರಿಗೂ ಕಡಿಮೆ. ಅವುಗಳಲ್ಲಿ ಕೆಲವು ಬೂದಿಬಣ್ಣಕ್ಕೆ ತಿರುಗಿದ್ದವು. ಕೋನಿನ ಒಂದು ಮಗ್ಗುಲಲ್ಲಿ ಸೂಜಿಮೊನೆಯಷ್ಟು ಗುಳಿಗಳು. "ಇದು ಹೊಸದು ಆಗೂದಿಲ್ರಿ, ಆದ್ರ ಒಂದೆರಡು ವರ್ಸ ನಡೀತೈತ್ರಿ" ಎಂದು ತೀರ್ಪಿತ್ತರು.

ಅಷ್ಟು ಚಿಕ್ಕ ಗುಂಡುಗಳು ಸುತ್ತಲಿನ ಯಾವ ಸೈಕಲ್ ಅಂಗಡಿಯಲ್ಲಿಯೂ ಇರಲಿಲ್ಲ. ನಾನು ಒಂದು ಭಾನುವಾರ ಬಿಟ್ಟು ಸೋಮವಾರ ಹುಬ್ಬಳ್ಳಿಗೆ ಹೋಗಿ, ಬೇರಿಂಗು ಮಾರುವ ಅಂಗಡಿಯೊಂದರಿಂದ ತಂದೆ. ಗುಂಡುಗಳ ಬೆಲೆಗಿಂತ ಬಸ್ಸಿನ ಟಿಕೆಟ್ಟೇ ಹೆಚ್ಚಾಯಿತು. ಮಿಸ್ತ್ರಿ ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು, ಹೆಂಗಸರು ಅಕ್ಕಿಯಲ್ಲಿ ಕಲ್ಲು ಆರಿಸುವ ತಾಳ್ಮೆಯಿಂದ ಒಂದೊಂದನ್ನೇ ಗ್ರೀಸಿನಲ್ಲಿ ಕೂರಿಸಿದರು. ಹುಡುಗಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಎರಡನೆಯ ಬದಿಯ ಗುಂಡುಗಳನ್ನು ಕೂರಿಸಿದವಳು ಅವಳೇ. ಬಿಗಿತ ಸರಿಹೋಗಲು ಐದಾರು ಸಲ ಬಿಚ್ಚಿ ಹಾಕಬೇಕಾಯಿತು. ಕೂಲಿ ಎಷ್ಟೆಂದು ಕೇಳಿದ್ದಕ್ಕೆ, ಹೊಸ ವಿದ್ಯೆ ಕಲಿತದ್ದಕ್ಕೆ ತಾವೇ ಫೀಸು ಕೊಡಬೇಕೆಂದು ಹೇಳಿ ಚಹಾ ತರಿಸಿದರು.

ಮುಂದಿನ ತಿಂಗಳು ಅವಳು ತಂಡಕ್ಕೆ ಆಯ್ಕೆಯಾದಳು. ಪೆಡಲಿನಿಂದ ಗೆದ್ದಳೆಂದು ನಾನು ಹೇಳಲಾರೆ. ಅವಳ ಕಾಲುಗಳನ್ನು ಕಂಡವರು ಯಾರೂ ಹಾಗೆ ಹೇಳಲಾರರು.

ಈಗ ನನ್ನ ತಮ್ಮನ ಮಗನ ಪ್ರಶ್ನೆಗೆ ಬರುತ್ತೇನೆ. ಮಗೂ, ನಿನ್ನ ಪೆಡಲಿನಲ್ಲಿ ಮೊದಲು ಸವೆಯುವುದು ಬೇರಿಂಗಲ್ಲ, ಕ್ಲೀಟು. ಅಗಲವಾದ ಪ್ಲಾಸ್ಟಿಕ್ ಕ್ಲೀಟಾದರೆ ಬಹುಬೇಗ ಸವೆಯುತ್ತದೆ, ಅದೂ ತುಳಿಯುವುದರಿಂದಲ್ಲ, ಬೂಟು ಹಾಕಿಕೊಂಡು ಹೋಟೆಲಿನೊಳಗೆ ದೋಸೆಗಾಗಿ ನಡೆದಾಡುವುದರಿಂದ. ಉಕ್ಕಿನ ಕ್ಲೀಟು ಹೆಚ್ಚು ಕಾಲ ಬರುತ್ತದೆ. ಸವೆದ ಕ್ಲೀಟಿನಿಂದ ಪಾದ ಅಲುಗಾಡಿದಾಗ ಬೇರಿಂಗು ಹೋಯಿತೆಂದು ಹೆದರುವವರಿದ್ದಾರೆ. ಮೊದಲು ಬೂಟು ಬಿಚ್ಚಿಟ್ಟು ಪೆಡಲನ್ನು ಕೈಯಿಂದಲೇ ಅಲುಗಿಸಿ ನೋಡು. 'ಕಿರ್' ಎಂಬ ಸದ್ದೂ ಎಷ್ಟೋ ಸಲ ಕ್ಲೀಟಿನ ಒಣಗಿದ ಸ್ಕ್ರೂವಿನದು, ಇಲ್ಲವೇ ಕ್ರ್ಯಾಂಕಿಗೆ ಗ್ರೀಸಿಲ್ಲದೆ ಹಾಕಿದ ಪೆಡಲಿನ ತಿರುಪಿನದು.

ಬೇರಿಂಗುಗಳಲ್ಲಿ ಹಲವು ಜಾತಿ. ಕೆಲವದರಲ್ಲಿ ಬಿಡಿ ಗುಂಡುಗಳು. ಕೆಲವದರಲ್ಲಿ ಮುಚ್ಚಿದ ಕಾರ್ಟ್ರಿಜ್ ಬೇರಿಂಗು ಮತ್ತು ಸೂಜಿಯಂಥ ಉರುಳೆಗಳು. ಇನ್ನು ಕೆಲವದರಲ್ಲಿ ಒಂದು ಬದಿಗೆ ಗುಂಡೇ ಇಲ್ಲದ ಬುಷ್. ಪೆಡಲು ತೆಳುವಾಗಿರಬೇಕು, ಪಾದ ಅಚ್ಚಿಗೆ ಹತ್ತಿರವಿರಬೇಕು ಎಂಬ ಹಟದಿಂದ ಒಳಗಿನ ಜಾಗ ಕಿರಿದಾಗಿ, ಬೇರಿಂಗೂ ಕಿರಿದಾಗಿದೆ. 'ಸೀಲ್ಡ್' ಎಂಬ ಮಾತನ್ನು ಪೂರ್ತಿ ನಂಬಬೇಡ. ಅದು ತೆಳುವಾದ ರಬ್ಬರ್ ತುಟಿ ಮಾತ್ರ. ಧೂಳನ್ನು ತಡೆಯುತ್ತದೆ, ಆದರೆ ಸರ್ವೀಸ್ ಸ್ಟೇಷನ್ನಿನ ಜೋರಾದ ನೀರಿನ ಪೈಪು ಹಿಡಿದರೆ ನೀರು ಒಳಗೆ ಹೋಗಿ, ಹೊರಬರಲು ದಾರಿಯಿಲ್ಲದೆ ಅಲ್ಲಿಯೇ ಕೂರುತ್ತದೆ. ಬಕೀಟು, ಬಟ್ಟೆ ಸಾಕು. ಕಾರ್ಟ್ರಿಜ್ ಹಾಳಾದರೆ ಅದನ್ನೇ ತೆಗೆದು ಹೊಸದು ಹಾಕುವುದು ಸುಲಭ, ಆ ಅಳತೆಯದು ಸಿಕ್ಕರೆ. ಬಿಡಿ ಗುಂಡಿನದ್ದಕ್ಕೆ ಆರೈಕೆ ಹೆಚ್ಚು, ಆದರೆ ಆರೈಕೆ ಮಾಡುವವನ ಕೈಗೆ ಅದು ಬಗ್ಗುತ್ತದೆ. ನನ್ನನ್ನು ಕೇಳಿದರೆ ಎರಡನೆಯದನ್ನೇ ಆರಿಸಿಕೊಳ್ಳುತ್ತೇನೆ. ಬಿಚ್ಚಲು ಬಾರದ ವಸ್ತು ಎಷ್ಟು ಚೆನ್ನಾಗಿದ್ದರೂ ಅದು ಬಾಡಿಗೆಗೆ ತಂದದ್ದರಂತೆ ನನಗೆ ತೋರುತ್ತದೆ. (ಇದು ಮುದುಕನ ಹಟ ಎಂದು ನಿನ್ನ ದೊಡ್ಡಮ್ಮ ಹೇಳುತ್ತಾಳೆ.)

ವರ್ಷಗಳ ಲೆಕ್ಕ ಕೇಳಬೇಡ, ಸುತ್ತುಗಳ ಲೆಕ್ಕ ಕೇಳು. ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ಸಿನ 1,200 ಕಿಲೋಮೀಟರ್ ಸವಾರಿಗೆ ಹೋಗುವ ಕನಸು ನಿನಗಿದೆಯಂತೆ. ಸುತ್ತಿಗೆ ಐದು ಮೀಟರ್ ಹಿಡಿದರೂ ಅದು 2,40,000 ಸುತ್ತು, ತೊಂಬತ್ತು ಗಂಟೆಗಳ ಒಳಗೆ. ನನ್ನ ಎಂಬತ್ತು ದಿನದ ಶಾಲೆಯ ದಾರಿ ನಿನಗೆ ನಾಲ್ಕು ದಿನದಲ್ಲಿ ಮುಗಿಯುತ್ತದೆ. ಹೊರಡುವ ತಿಂಗಳ ಮೊದಲೇ ಬಿಚ್ಚಿಸಿ, ಒರೆಸಿ, ಹೊಸ ಗ್ರೀಸು ಹಾಕಿಸು. ಹೊರಡುವ ಹಿಂದಿನ ದಿನ ಏನನ್ನೂ ಬಿಚ್ಚಬೇಡ. ತಿರುಗಿಸುವಾಗ ಕೈಗೆ ಮರಳಿನ ಸ್ಪರ್ಶ ಹತ್ತಿದರೆ ಅಥವಾ ಅಲುಗಿಸಿದಾಗ ಟಿಕ್ ಎಂದರೆ ತಡಮಾಡಬೇಡ. ಗುಂಡು ಬದಲಾಯಿಸಿದರೆ ಮುಗಿಯುವ ಕೆಲಸ, ತಿಂಗಳು ಬಿಟ್ಟರೆ ಕೋನನ್ನೂ ತಿನ್ನುತ್ತದೆ.

ಮಿಸ್ತ್ರಿ 2017ರಲ್ಲಿ ತೀರಿಕೊಂಡರು. ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿಯ ಅಂಗಡಿಯಿದೆ, ನಡೆಸುವವನು ಅವರ ಮೊಮ್ಮಗ. ಕನ್ನಡಕದ ಮೇಲೆ ಕನ್ನಡಕದ ಬದಲು ಭೂತಗನ್ನಡಿ ಇಟ್ಟುಕೊಂಡಿದ್ದಾನೆ. ಆ ಹುಡುಗಿ ಈಗ ಸರ್ಕಾರಿ ನೌಕರಿಯಲ್ಲಿದ್ದಾಳೆ, ಎರಡು ಮಕ್ಕಳ ತಾಯಿ. ರಜೆಯ ದಿನಗಳಲ್ಲಿ ಊರಿನ ಐದಾರು ಹುಡುಗಿಯರಿಗೆ ರಸ್ತೆಯ ಮೇಲೆ ಸೈಕ್ಲಿಂಗ್ ಹೇಳಿಕೊಡುತ್ತಾಳೆ. ಈ ಬರಹಕ್ಕಾಗಿ ವಿಚಾರಿಸಿದಾಗ ಆ ಪೆಡಲುಗಳು ಇನ್ನೂ ಇವೆಯೆಂದಳು. ಎಡದ್ದರ ಅಚ್ಚಿನ ಕೊಳವೆಯನ್ನು 2012ರಲ್ಲಿ ಪೂರ್ತಿಯಾಗಿ ಬದಲಾಯಿಸಿದ್ದಾಳೆ. ಬಲದ್ದು ಹಾಗೆಯೇ ಇದೆ, ವರ್ಷಕ್ಕೊಮ್ಮೆ ತಾನೇ ಬಿಚ್ಚಿ ಗ್ರೀಸು ಹಾಕುತ್ತಾಳಂತೆ. ಸದ್ಯ ಅವು ಅವಳ ಬಳಿ ಕಲಿಯುತ್ತಿರುವ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಸೈಕಲ್ಲಿನಲ್ಲಿವೆ.